ಕರಸಾವಾ: ಬಟ್ಟೆಯ ಗೋಡೆ, ಮೊಳದ ಅಂತರ

ಜಪಾನಿನಲ್ಲಿ ಶರತ್ಕಾಲ ಇಳಿದು ಬರುವುದು ಬೆಟ್ಟದ ಮೇಲಿನಿಂದ. ಸೆಪ್ಟೆಂಬರ್ ಕೊನೆಯಲ್ಲಿ ಟೋಕಿಯೊದ ನಾವಿನ್ನೂ ಬೆವರು ಒರೆಸಿಕೊಳ್ಳುತ್ತಿರುವಾಗಲೇ ನಾಗಾನೊ ಪ್ರಾಂತ್ಯದ ಕರಸಾವಾದಲ್ಲಿ ಎಲೆ ಕೆಂಪಾಯಿತು ಎಂದು ಟೀವಿಯವರು ತೋರಿಸುತ್ತಾರೆ. ಆ ಚಿತ್ರಗಳಲ್ಲಿ ನನ್ನ ಕಣ್ಣು ಎಲೆಗಿಂತ ಮೊದಲು ಹೋಗುತ್ತಿದ್ದದ್ದು ಬೂದು ಬಂಡೆಗಳ ನಡುವಿನ ಹಳದಿ, ಕಿತ್ತಳೆ, ಹಸಿರು ಚುಕ್ಕಿಗಳ ಕಡೆಗೆ. ಒಬ್ಬರೋ ಇಬ್ಬರೋ ಮಲಗುವಷ್ಟು ಪುಟ್ಟ ಟೆಂಟ್‌ಗಳು. ಸಾಲುರಜೆ ಬಂದರೆ ಅವುಗಳ ಸಂಖ್ಯೆ ಸಾವಿರ ಮುಟ್ಟುವುದೂ ಉಂಟು.

ನಮ್ಮ ಮನೆಯಲ್ಲಿ ಚಾರಣದ ಹುಚ್ಚು ಇರುವುದು ಗಂಡನಿಗೆ. ನನ್ನನ್ನು ಎಳೆದದ್ದು ಒಂದೇ ಪ್ರಶ್ನೆ: ಇಷ್ಟು ಜನ ಮೊಳದಂತರದಲ್ಲಿ, ಮಧ್ಯೆ ಬರೀ ತೆಳು ಬಟ್ಟೆ ಇಟ್ಟುಕೊಂಡು, ನಿದ್ದೆ ಮಾಡುವುದಾದರೂ ಹೇಗೆ? ಅಪಾರ್ಟ್‌ಮೆಂಟಿನ ಕಾಂಕ್ರೀಟ್ ಗೋಡೆಯ ಆಚೆಯ ಕುರ್ಚಿ ಸದ್ದಿಗೇ ನಾನು ಎದ್ದು ಕೂರುವವಳು.

ದಾರಿ ಶುರುವಾಗುವುದು ಕಾಮಿಕೋಚಿಯಿಂದ. ಸುಮಾರು 1500 ಮೀಟರ್ ಎತ್ತರದ ಕಣಿವೆ, ಮಧ್ಯೆ ಅಜುಸಾ ನದಿ. ಇಲ್ಲಿಗೆ ಸ್ವಂತ ಕಾರು ತರುವಂತಿಲ್ಲ. 1975ರಲ್ಲಿ ಶುರುವಾದ ಆ ನಿರ್ಬಂಧ ಈಗ ವರ್ಷಪೂರ್ತಿ ಇದೆ. ಹಾಗಾಗಿ ನಾವು ಟೋಕಿಯೊದ ಶಿಂಜುಕುವಿನಿಂದ ರಾತ್ರಿ ಬಸ್ಸು ಹತ್ತಿ, ಕತ್ತು ನೋಯಿಸಿಕೊಂಡು, ಬೆಳಗಿನ ಜಾವ ಒಂದು ಕಡಿದಾದ ಸುರಂಗ ದಾಟಿ ಅಲ್ಲಿ ಇಳಿದೆವು. ಬಸ್ ನಿಲ್ದಾಣದ ಪಕ್ಕದಲ್ಲೇ ಚಾರಣದ ವಿವರ ಬರೆದುಕೊಡುವ ಜಾಗ ಇದೆ: ಎಲ್ಲಿಗೆ, ಯಾವ ದಾರಿ, ಎಷ್ಟು ದಿನ, ಜೊತೆಗೆ ಯಾರು, ಏನಾದರೂ ಆದರೆ ಯಾರಿಗೆ ತಿಳಿಸಬೇಕು. ನಾಗಾನೊದ ಎತ್ತರದ ದಾರಿಗಳಿಗೆ 2016ರಿಂದ ಇದು ಕಡ್ಡಾಯ. ತುಂಬುವಾಗ ಕೈ ಸ್ವಲ್ಪ ತಡೆಯುತ್ತದೆ ಅನ್ನುವುದು ನಿಜ.

ಮೊದಲ ಹನ್ನೊಂದು ಕಿಲೋಮೀಟರ್ ನದಿಯ ಪಕ್ಕದಲ್ಲಿ, ಬಹುತೇಕ ಸಮತಟ್ಟು. ಮ್ಯೋಜಿನ್, ತೊಕುಸಾವಾ, ಯೊಕೋ ಎಂದು ಗಂಟೆಗೊಂದು ತಂಗುದಾಣ, ಅಲ್ಲೆಲ್ಲ ಶೌಚಾಲಯ, ಕುಡಿಯುವ ನೀರು. ಎದುರಾದವರೆಲ್ಲ ‘ಕೊನ್ನಿಚಿವಾ’ ಅನ್ನುತ್ತಾರೆ. ಟೋಕಿಯೊದ ಲಿಫ್ಟಿನಲ್ಲಿ ಎದುರುಮನೆಯವರೂ ಹೀಗೆ ಬಾಯಿಬಿಟ್ಟು ಮಾತಾಡಿಸಿದ್ದು ನನಗೆ ನೆನಪಿಲ್ಲ. ಯೊಕೋ ಸೇತುವೆ ದಾಟಿದ ಮೇಲೆ ನಿಜವಾದ ಹತ್ತುವಿಕೆ. ಸುಮಾರು 1600 ಮೀಟರಿನಿಂದ 2300 ಮೀಟರಿಗೆ, ಕಲ್ಲಿನ ಮೇಲೆ ಕಲ್ಲು ತುಳಿಯುತ್ತ ಮೂರು ತಾಸು. ಬೆನ್ನಿನ ಮೇಲೆ ಮನೆ ಹೊತ್ತವರಿಗೆ ಇನ್ನೂ ಸ್ವಲ್ಪ ಹೆಚ್ಚು.

ಕರಸಾವಾ ಅಂದರೆ ಹಿಂದೊಮ್ಮೆ ಹಿಮನದಿ ಕೊರೆದು ಬಿಟ್ಟುಹೋದ ಬಟ್ಟಲಿನಂಥ ಕಣಿವೆ. ಮೂರು ಕಡೆ ಹೊತಾಕಾ ಶಿಖರಗಳು. ಅವುಗಳಲ್ಲಿ ದೊಡ್ಡದಾದ ಓಕು-ಹೊತಾಕಾ 3190 ಮೀಟರ್, ಫುಜಿ ಮತ್ತು ಕಿತಾ-ದಾಕೆಯ ನಂತರ ದೇಶದಲ್ಲೇ ಮೂರನೆಯದು. ಈ ಸಾಲಿಗೆ ‘ಜಪಾನ್ ಆಲ್ಪ್ಸ್’ ಎಂಬ ಹೆಸರು ಕೊಟ್ಟದ್ದು ಒಸಾಕಾದ ಟಂಕಸಾಲೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗೌಲ್ಯಾಂಡ್ ಎಂಬ ಇಂಗ್ಲಿಷ್ ಲೋಹತಜ್ಞ. ನೌಕರಿಗೆಂದು ಬಂದು ಬೆಟ್ಟ ಸುತ್ತುವ ಹೊರದೇಶದವರ ಚಾಳಿ ನಮ್ಮಿಂದ ಶುರುವಾದದ್ದಲ್ಲ ಎಂದು ಗಂಡನಿಗೆ ಇದರಿಂದ ಬಹಳ ಸಮಾಧಾನ.

ಟೆಂಟ್ ಹಾಕುವ ಜಾಗ ಅಂದಾಗ ನನ್ನ ತಲೆಯಲ್ಲಿ ಇದ್ದದ್ದು ಹುಲ್ಲುಹಾಸು. ಇಲ್ಲಿ ಹುಲ್ಲಿನ ಸುಳಿವೇ ಇಲ್ಲ. ಹಿಮನದಿ ತಂದು ಸುರಿದ ಕಲ್ಲುರಾಶಿ, ಅದರಲ್ಲೇ ತಕ್ಕಮಟ್ಟಿಗೆ ಮಟ್ಟ ಮಾಡಿದ ಜಾಗಗಳು. ಗೂಟ ಇಳಿಯುವುದಿಲ್ಲ. ಟೆಂಟಿನ ಹಗ್ಗಗಳನ್ನು ದೊಡ್ಡ ಕಲ್ಲಿಗೆ ಸುತ್ತಿ ಕಟ್ಟಬೇಕು. ಬೆನ್ನಿಗೆ ಕಲ್ಲು ಒತ್ತಬಾರದೆಂದು ಪ್ಲೈವುಡ್ ಹಲಗೆ ಬಾಡಿಗೆಗೆ ಸಿಗುತ್ತದೆ, ಆದರೆ ಜನ ಹೆಚ್ಚಾದ ದಿನ ಬೇಗ ಖಾಲಿ. ಜಾಗದ ಬಾಡಿಗೆ ಟೆಂಟಿಗಲ್ಲ, ತಲೆಗೆ. ದುಡ್ಡು ಕಟ್ಟಿದ ಮೇಲೆ ಒಂದು ಚೀಟಿ ಕೊಡುತ್ತಾರೆ, ಅದನ್ನು ಹೊರಗೆ ಕಾಣುವ ಹಾಗೆ ಟೆಂಟಿಗೆ ಕಟ್ಟಬೇಕು. ರಾಷ್ಟ್ರೀಯ ಉದ್ಯಾನವಾದ್ದರಿಂದ ಗೊತ್ತುಮಾಡಿದ ಜಾಗ ಬಿಟ್ಟು ಬೇರೆ ಕಡೆ ಗುಡಾರ ಹಾಕುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಕ್ಯಾಂಪ್‌ಫೈರ್ ಸುತ್ತ ಕೂತು ಅಂತ್ಯಾಕ್ಷರಿ ಆಡುವ ಕನಸಿದ್ದರೆ ಕಾಮಿಕೋಚಿಯಲ್ಲೇ ಇಳಿಸಿ ಬನ್ನಿ.

ನಾವು ಹೋದದ್ದು ಅಕ್ಟೋಬರ್ ಮೊದಲ ವಾರ, ರಜೆಯಿಲ್ಲದ ದಿನ ನೋಡಿಕೊಂಡು. ಆದರೂ ಮಧ್ಯಾಹ್ನ ತಲುಪುವ ಹೊತ್ತಿಗೆ ಒಳ್ಳೆಯ ಜಾಗಗಳೆಲ್ಲ ತುಂಬಿದ್ದವು. ಎರಡು ಟೆಂಟ್‌ಗಳ ನಡುವೆ ಒಂದು ಚಾಪೆಯಗಲ ಕಾಣಿಸಿತು. ಪಕ್ಕದ ಟೆಂಟಿನ ಮುಂದೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕಾಫಿ ಕಾಯಿಸುತ್ತಿದ್ದರು. ಕೇಳಿದೆವು. ಅವರು ಏನೂ ಹೇಳದೆ ಎದ್ದು ತಮ್ಮ ಹಗ್ಗದ ಕಲ್ಲನ್ನು ಎತ್ತಿ ಒಂದಡಿ ತಮ್ಮ ಕಡೆಗೆ ಇಟ್ಟುಕೊಂಡರು. ಇನ್ನೊಂದು ಬದಿಯ ಹುಡುಗಿಯೂ ತನ್ನ ಕಲ್ಲು ಸರಿಸಿದಳು. ನಮಗೆ ಜಾಗ ಆಯಿತು. ಹಗ್ಗಗಳು ಒಂದರ ಮೇಲೊಂದು ಹಾದುಹೋದದ್ದರಿಂದ ಹಿರಿಯರು ನಮ್ಮ ಹಗ್ಗಕ್ಕೆ ಒಂದು ಬಿಳಿ ದಾರದ ತುಂಡು ಕಟ್ಟಿದರು, ಕತ್ತಲಲ್ಲಿ ಯಾರೂ ಎಡವಬಾರದೆಂದು. ಅಲ್ಲಿಗೆ ಪರಿಚಯ ಮುಗಿಯಿತು. ಯಾವ ದೇಶ, ಏನು ಕೆಲಸ, ಮಕ್ಕಳೆಷ್ಟು ಎಂದು ಅವರು ಕೇಳಲಿಲ್ಲ. ನನಗೇ ಹೇಳಿಬಿಡಬೇಕು ಅನ್ನಿಸುತ್ತಿತ್ತು.

ನಮ್ಮ ಟೆಂಟ್ ಇಬ್ಬರದು ಎಂದು ಹಣೆಪಟ್ಟಿ. ಅಗಲ ಒಂದೂಕಾಲು ಮೀಟರ್, ಉದ್ದ ಎರಡು ಮೀಟರಿಗೆ ತುಸು ಹೆಚ್ಚು, ಎತ್ತರ ಮೀಟರಿನ ಆಸುಪಾಸು. ತೂಕ ಎರಡು ಕಿಲೋದ ಒಳಗೆ. ಇಲ್ಲಿನ ಬೆಟ್ಟದ ಟೆಂಟ್‌ಗಳೆಲ್ಲ ಹೀಗೇ: ಹೊರುವ ಬೆನ್ನಿನ ಲೆಕ್ಕ ಹಾಕಿ, ಸಿಗುವ ಜಾಗದ ಲೆಕ್ಕ ಹಾಕಿ ಹೊಲಿದವು. ಒಳಗೆ ನಿಲ್ಲುವ ಮಾತಿಲ್ಲ, ಬಟ್ಟೆ ಬದಲಿಸುವುದೂ ಮಲಗಿಕೊಂಡೇ. ಗಂಡ ಮಗ್ಗುಲು ಬದಲಿಸಿದರೆ ನಾನೂ ಬದಲಿಸಬೇಕು. ಹೆಡ್‌ಲ್ಯಾಂಪ್ ತಲೆಯ ಬಲಕ್ಕೆ, ನೀರಿನ ಬಾಟಲಿ ಎಡಕ್ಕೆ, ಶೂ ಹೊರಪದರದ ಕೆಳಗೆ. ಒಂದು ವಸ್ತು ಜಾಗ ತಪ್ಪಿದರೆ ಇಡೀ ಮನೆ ಅಡಿಮೇಲು. ಮನೆಯಲ್ಲಿ ಕಾರಿನ ಕೀಲಿಯನ್ನು ದಿನಾ ಹುಡುಕುವ ಮನುಷ್ಯ ಇಲ್ಲಿ ಕತ್ತಲಲ್ಲಿ ಕೈ ಚಾಚಿ ಕಾಲುಚೀಲ ತೆಗೆದದ್ದು ನೋಡಿ ನನಗೆ ಸಿಟ್ಟೇ ಬಂತು.

ಸಂಜೆ ನಾಲ್ಕಕ್ಕೆ ಸೂರ್ಯ ಶಿಖರದ ಹಿಂದೆ ಸರಿದ. ಆ ಕ್ಷಣದಿಂದ ಚಳಿ. ನೂರು ಮೀಟರ್ ಏರಿದರೆ ಸುಮಾರು 0.6 ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಸಮುದ್ರಮಟ್ಟಕ್ಕಿಂತ ಇಲ್ಲಿ ಹದಿನಾಲ್ಕು ಡಿಗ್ರಿ ಕಡಿಮೆ. ಅಕ್ಟೋಬರಿನ ರಾತ್ರಿ ಸೊನ್ನೆಯ ಕೆಳಗೂ ಹೋಗುತ್ತದೆ. ಎಲ್ಲರೂ ತಮ್ಮ ತಮ್ಮ ಅಂಗೈಯಗಲದ ಗ್ಯಾಸ್ ಒಲೆ ಹಚ್ಚಿದರು. ಇಲ್ಲಿನವರ ನೆಚ್ಚಿನ ಬೆಟ್ಟದ ಊಟ ‘ಆಲ್ಫಾ ಅನ್ನ’. ಅನ್ನ ಬೇಯಿಸಿ ಒಣಗಿಸಿದ ಪೊಟ್ಟಣ. ಬಿಸಿನೀರು ಹೊಯ್ದು ಹದಿನೈದು ನಿಮಿಷ ಕಾಯಬೇಕು, ಒಲೆ ಕೈಕೊಟ್ಟರೆ ತಣ್ಣೀರಲ್ಲಿ ಒಂದು ತಾಸು. ನಮ್ಮ ಅವಲಕ್ಕಿಯ ದೂರದ ನೆಂಟ ಅಂದುಕೊಳ್ಳಿ. 2300 ಮೀಟರಿನಲ್ಲಿ ನೀರು 92 ಡಿಗ್ರಿಗೇ ಕುದಿಯುವುದರಿಂದ ಅಕ್ಕಿ ತಂದು ಬೇಯಿಸುತ್ತೇನೆ ಅನ್ನುವವರಿಗೆ ಅರ್ಧ ಬೆಂದ ಅಗುಳೇ ಗತಿ. ಹತ್ತಿರದ ವಸತಿಗೃಹದ ಜಗಲಿಯಲ್ಲಿ ‘ಒದೆನ್’ ಸಿಗುತ್ತದೆ. ಮೂಲಂಗಿ, ಮೊಟ್ಟೆ, ಮೀನಿನ ಉಂಡೆ ಎಲ್ಲ ಬೆಂದು ಕುದಿಯುತ್ತಿರುವ ಸಾರು. ಕರಸಾವಾಕ್ಕೆ ಬಂದು ಅದನ್ನು ತಿನ್ನದೆ ಹೋಗುವವರು ಕಡಿಮೆ. ಸಸ್ಯಾಹಾರಿಗಳೇ, ಮೂಲಂಗಿ ಮಾತ್ರ ಕೊಡಿ ಎಂದು ಜಾಣತನ ಮಾಡಬೇಡಿ, ಸಾರೇ ಮೀನಿನದು.

ಇಲ್ಲಿ ಕಸದ ಡಬ್ಬಿ ಎಂಬುದಿಲ್ಲ. ವಸತಿಗೃಹಕ್ಕೆ ಬೇಕಾದ ಸಾಮಾನು ಹೆಲಿಕಾಪ್ಟರಿನಲ್ಲಿ ಬರುತ್ತದೆ, ನಮ್ಮ ಕಸ ನಮ್ಮ ಬೆನ್ನ ಮೇಲೆ ಇಳಿಯುತ್ತದೆ. ಟೀ ಪೊಟ್ಟಣದ ದಾರವೂ ಸೇರಿ.

ಹೊರಡುವ ಮೊದಲು ಅಮ್ಮನಿಗೆ ಫೋನು ಮಾಡಿದ್ದೆ. ‘ಮಲಗೋಕೆ ಮನೆ ಇದೆ, ಆ ಕಲ್ಲಿನ ಮೇಲೆ ಮಲಗೋಕೆ ತಲೆಗಿಷ್ಟು ಅಂತ ದುಡ್ಡು ಕೊಡ್ತೀರೇನೇ?’ ಅಂದಳು. ‘ಅಳಿಯಂದ್ರಿಗೆ ಸೊಂಟ ಹಿಡ್ಕೊಂಡ್ರೆ?’ ಎಂದೂ ಸೇರಿಸಿದಳು. ನನ್ನ ಸೊಂಟದ ವಿಚಾರ ಬರಲೇ ಇಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ರಾತ್ರಿ ಏಳಕ್ಕೆಲ್ಲ ಟೆಂಟ್‌ಗಳ ಒಳದೀಪ ಒಂದೊಂದಾಗಿ ಆರತೊಡಗಿತು, ಎಂಟಕ್ಕೆ ಇಡೀ ಕಣಿವೆ ಸ್ತಬ್ಧ. ಯಾರೂ ಸೀಟಿ ಊದಲಿಲ್ಲ, ಯಾರೂ ಗದರಲಿಲ್ಲ. ಮಾತಾಡಬೇಕಾದವರು ಪಿಸುಗುಟ್ಟುತ್ತಾರೆ. ಹೆಡ್‌ಲ್ಯಾಂಪ್ ಹಚ್ಚಿ ನಡೆಯುವವರು ಬೆಳಕನ್ನು ನೆಲಕ್ಕೆ ಬಾಗಿಸಿಕೊಳ್ಳುತ್ತಾರೆ, ಇನ್ನೊಬ್ಬರ ಬಟ್ಟೆಗೋಡೆಯ ಮೇಲೆ ಬೀಳದ ಹಾಗೆ. ನನಗೆ ಅತಿ ಸೋಜಿಗವಾದದ್ದು ಪಕ್ಕದ ಹುಡುಗಿಯ ಚೀಲಗಳು: ಎಲ್ಲ ಬಟ್ಟೆಯವು. ಬೆಳಿಗ್ಗೆ ಕೇಳಿದಾಗ ‘ಪ್ಲಾಸ್ಟಿಕ್ ರಾತ್ರಿ ಬಹಳ ಸದ್ದು ಮಾಡುತ್ತದಲ್ಲ’ ಅಂದಳು. ಮನೆಯಲ್ಲಿ ಚೀಲ ತುಂಬುವಾಗಲೇ, ತಾನಿನ್ನೂ ಕಾಣದ ನೆರೆಯವರ ನಿದ್ದೆಯನ್ನು ಲೆಕ್ಕಕ್ಕೆ ಹಿಡಿದಿದ್ದಳು. ಗೋಡೆ ಗಟ್ಟಿಯಾಗಿದ್ದರೆ ಈ ಯೋಚನೆ ಯಾರಿಗೂ ಬಾರದು. ಟೋಕಿಯೊದ ನಮ್ಮ ಕಟ್ಟಡವೇ ಅದಕ್ಕೆ ಸಾಕ್ಷಿ.

ಎಲ್ಲ ಸದ್ದಿಗೂ ಶಿಸ್ತು ನಡೆಯುವುದಿಲ್ಲ ಅನ್ನಿ. ಗೊರಕೆಗೆ ಯಾವ ದೇಶದ ಸಂಸ್ಕಾರವೂ ತಾಗದು. ಬಲಗಡೆಯ ಎರಡನೆಯ ಟೆಂಟಿನಿಂದ ಬಂದದ್ದು ಬಂಡೆಗೆ ಬಡಿದು ಎರಡು ಸಲ ಕೇಳಿಸುತ್ತಿತ್ತು. ಕಿವಿಗೆ ಫೋಮ್ ತುಂಡು ತುರುಕಿಕೊಂಡೆ. ನಿದ್ದೆ ಬಂತು, ಒಂದೇ ಹಾಸಿನಲ್ಲಲ್ಲ, ತುಂಡು ತುಂಡಾಗಿ. ಮಧ್ಯೆ ಎದ್ದಾಗ ಒಳಗೋಡೆ ಮುಟ್ಟಿದರೆ ಒದ್ದೆ: ಇಬ್ಬರ ಉಸಿರಿನ ತೇವ ತಣ್ಣಗಿನ ಬಟ್ಟೆಗೆ ತಾಗಿ ಹನಿಯಾಗಿ ಸ್ಲೀಪಿಂಗ್ ಬ್ಯಾಗಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮೇಲಿನ ಗಾಳಿಕಿಂಡಿ ತೆಗೆದರೆ ತೇವ ಹೋಗುತ್ತದೆ, ಚಳಿ ಬರುತ್ತದೆ. ನಾನು ತೇವವನ್ನೇ ಆರಿಸಿಕೊಂಡೆ.

ಶೌಚಕ್ಕೆ ಹೋಗುವುದೇ ಒಂದು ಸಾಹಸ. ಕಲ್ಲಿನಿಂದ ಕಲ್ಲಿಗೆ, ಹತ್ತಾರು ಟೆಂಟ್‌ಗಳ ಹಗ್ಗ ದಾಟಿ. ರಾತ್ರಿಯಾದ್ದರಿಂದ ಸಾಲು ಇರಲಿಲ್ಲ. ಸಾಲುರಜೆಯ ಬೆಳಿಗ್ಗೆ ಇಲ್ಲಿ ನಿಲ್ಲುವ ಸಾಲಿನ ಬಗ್ಗೆ ಕೇಳಿದ ಮೇಲೆ, ಆ ದಿನಗಳಲ್ಲಿ ಬರಬಾರದೆಂದು ನನ್ನ ಖಚಿತ ಅಭಿಪ್ರಾಯ, ಎಲೆ ಎಷ್ಟೇ ಕೆಂಪಗಿರಲಿ. ಆಗಸ್ಟ್ 11 ‘ಬೆಟ್ಟದ ದಿನ’ ಎಂದು 2016ರಿಂದ ದೇಶಕ್ಕೇ ರಜೆ, ಆಗಲೂ ದೂರವಿರಿ.

ಕರಡಿಯ ವಿಷಯ ಎಲ್ಲರೂ ಕೇಳುತ್ತಾರೆ. ಕಾಮಿಕೋಚಿಯ ಕಣಿವೆಯಲ್ಲಿ ಕಪ್ಪು ಕರಡಿಗಳಿವೆ. 2020ರ ಆಗಸ್ಟ್‌ನಲ್ಲಿ ಕೆಳಗಿನ ಕೊನಾಶಿದೈರಾ ಶಿಬಿರದಲ್ಲಿ ಮಲಗಿದ್ದ ಮಹಿಳೆಯೊಬ್ಬರ ಟೆಂಟನ್ನು ಕರಡಿ ಹರಿದು ಅವರಿಗೆ ಗಾಯವಾಯಿತು, ಶಿಬಿರವನ್ನು ಮುಚ್ಚಬೇಕಾಯಿತು. ಊಟದ ವಾಸನೆಯೇ ಕರಡಿಯನ್ನು ಟೆಂಟಿಗೆ ಎಳೆದು ತರುತ್ತದೆ. ಹಾಗಾಗಿ ಕೆಳಗಿನ ಶಿಬಿರಗಳಲ್ಲಿ ಆಹಾರವನ್ನು ಟೆಂಟಿನಲ್ಲಿ ಇಟ್ಟುಕೊಂಡು ಮಲಗಬೇಡಿ, ಅದಕ್ಕೆಂದೇ ಇಟ್ಟ ಜಾಗದಲ್ಲಿಡಿ ಎನ್ನುತ್ತಾರೆ. ಬಿಸ್ಕತ್ತಿನ ಅರ್ಧ ಪೊಟ್ಟಣವೂ ಆಹಾರವೇ.

ಬೆಳಗಿನ ಮೂರಕ್ಕೆ ಜಿಪ್ಪುಗಳ ಸದ್ದು. ಶಿಖರಕ್ಕೆ ಹೊರಟವರು ಸಾಮಾನನ್ನು ಹಿಂದಿನ ಸಂಜೆಯೇ ಹೊಂದಿಸಿಟ್ಟಿರುತ್ತಾರೆ, ಜಿಪ್ಪು ಎಳೆದು ಹೊರಬಿದ್ದರೆ ಮುಗಿಯಿತು. ಸ್ವಲ್ಪ ಹೊತ್ತಿಗೆ ಕಡಿದಾದ ದಾರಿಯಲ್ಲಿ ಅವರ ದೀಪಗಳ ಸಾಲು ಮೇಲೇರುತ್ತಿತ್ತು. ನಾನು ಶಿಖರದ ಆಸೆ ಇಟ್ಟುಕೊಂಡಿರಲಿಲ್ಲ. ಐದೂವರೆಯ ಹೊತ್ತಿಗೆ ಉಳಿದವರೆಲ್ಲ ಹೊರಗೆ ಬಂದು ಪಶ್ಚಿಮದ ಬಂಡೆಗಳ ಕಡೆ ಮುಖ ಮಾಡಿ ನಿಂತರು. ಮೊದಲ ಬಿಸಿಲು ಶಿಖರದ ತುದಿಗೆ ತಾಗಿ, ಕಲ್ಲೆಲ್ಲ ಕೆಂಪಾಗಿ, ಆ ಕೆಂಪು ಕೆಳಗಿಳಿಯುತ್ತ ಹಳದಿಯಾಗಿ ಮುಗಿಯಿತು. ಐದಾರು ನಿಮಿಷದ ಆಟ. ಪಕ್ಕದ ಹಿರಿಯರು ಮೊದಲ ಬಾರಿಗೆ ತಾವಾಗಿ ಮಾತಾಡಿದರು: ‘ನಿನ್ನೆ ಇದಕ್ಕಿಂತ ಚೆನ್ನಾಗಿತ್ತು.’ ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ಆಮೇಲೆ ಒಂದು ಲೋಟ ಕಾಫಿ ಕೊಟ್ಟರು. ಇಲ್ಲಿನ ಮೌನವನ್ನು ನಾನು ಎಷ್ಟೇ ಹೊಗಳಲಿ, ಹಿಂದಿನ ಸಂಜೆಯೇ ಈ ಹರಟೆ ಶುರುವಾಗಿದ್ದರೆ ನನಗೆ ಇನ್ನೂ ಇಷ್ಟವಾಗುತ್ತಿತ್ತು.

ಒಂಬತ್ತರ ಹೊತ್ತಿಗೆ ಸುತ್ತಲ ಜಾಗಗಳು ಅರ್ಧ ಖಾಲಿ. ಹೊಸಬರು ಬರುವುದಕ್ಕೆ ಇನ್ನೂ ತಾಸುಗಳಿದ್ದವು. ಒದ್ದೆ ಟೆಂಟನ್ನು ಬಂಡೆಯ ಮೇಲೆ ಹರವಿ, ಒಣಗಿದ ಮೇಲೆ ಮಡಿಸಿ ಇಳಿದೆವು.

ಬರಬೇಕೆನ್ನುವವರಿಗೆ ನನ್ನ ಸಲಹೆ: ಮೊದಲ ಸಲಕ್ಕೆ ತೊಕುಸಾವಾದಲ್ಲೇ ನಿಲ್ಲಿ. ಒಂದು ಕಾಲದಲ್ಲಿ ದನ ಮೇಯುತ್ತಿದ್ದ ಹುಲ್ಲುಗಾವಲು ಅದು, ನೆಲ ಮೆತ್ತಗೆ, ಗೂಟ ಇಳಿಯುತ್ತದೆ, ಕಾಮಿಕೋಚಿಯಿಂದ ಎರಡು ತಾಸಿನ ಸಮತಟ್ಟು ನಡಿಗೆ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ತರುವಂತಿಲ್ಲ, ಇಲ್ಲೇ ಕೊಳ್ಳಿ. ಕಾಮಿಕೋಚಿ ಏಪ್ರಿಲ್‌ನ ದ್ವಿತೀಯಾರ್ಧದಲ್ಲಿ ತೆರೆದು ನವೆಂಬರ್ 15ಕ್ಕೆ ಮುಚ್ಚುತ್ತದೆ, ಆಮೇಲೆ ಬಸ್ಸಿಲ್ಲ. ನಾವು ಇನ್ನೊಮ್ಮೆ ಹೋಗುವುದು ಖಚಿತ. ಆದರೆ ನನಗೆ ನನ್ನದೇ ಟೆಂಟ್ ಬೇಕು ಎಂದು ಗಂಡನಿಗೆ ಹೇಳಿದ್ದೇನೆ. ಒಪ್ಪಿದ್ದಾನೆ. ಅದನ್ನು ಹೊರುವವರು ಯಾರು ಅನ್ನುವುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.