ಕ್ಯಾನಿಸ್ಟರ್ ಟಾರ್ಚ್ ಯಾವುದು ಕೊಳ್ಳಲಿ ಎಂದು ಕೇಳುವವರಿಗೆ

ಬೆಳಗಾವಿಯವರಿಗೆ ಸಮುದ್ರ ಬಹಳ ದೂರವೇನಲ್ಲ. ಅಂಬೋಲಿ ಘಟ್ಟ ಇಳಿದರೆ ಮಾಲವಣ, ತಾರಕರ್ಲಿ ಸಿಗುತ್ತವೆ; ಮುರ್ಡೇಶ್ವರಕ್ಕೆ ಹೋಗಿ ದೋಣಿ ಹತ್ತಿದರೆ ನೇತ್ರಾಣಿ. ಹೀಗಾಗಿ ನಮ್ಮ ಕಡೆಯ ಹುಡುಗ ಹುಡುಗಿಯರೂ ಈಗ ಸ್ಕೂಬಾ ಕಲಿಯುತ್ತಿದ್ದಾರೆ, ಕೆಲವರು ಹೊರದೇಶಗಳ ನೀರು ತುಂಬಿದ ಗುಹೆಗಳ ತನಕ ಕನಸು ಕಾಣುತ್ತಿದ್ದಾರೆ. ನಾನು ಟಾರ್ಚ್ ಕಟ್ಟಿಕೊಂಡು ನೀರಿಗಿಳಿಯುವುದನ್ನು ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಯಾವ ಕ್ಯಾನಿಸ್ಟರ್ ಟಾರ್ಚ್ ಒಳ್ಳೆಯದು? ಎಷ್ಟು ಲೂಮೆನ್ ಇದ್ದರೆ ಸಾಕು?"

ಲೂಮೆನ್ ಎಂದರೆ ದೀಪ ಕೊಡುವ ಒಟ್ಟು ಬೆಳಕಿನ ಅಳತೆ; ಆ ಲೆಕ್ಕ ಆಮೇಲೆ ಹಾಕೋಣ. ಅದನ್ನು ಎಲ್ಲಿಗೆ ಒಯ್ಯುತ್ತೀರಿ, ಅಲ್ಲಿ ಎಷ್ಟು ಹೊತ್ತು ಉರಿಯಬೇಕು ಎಂಬುದನ್ನು ಮೊದಲು ಹೇಳಿ. ಈ ಎರಡಕ್ಕೆ ಉತ್ತರ ಸಿಕ್ಕರೆ ಯಾವುದನ್ನು ಕೊಳ್ಳಬೇಕೆಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆಯೇ.

ಹೆಸರು ಕೇಳದವರಿಗಾಗಿ ಸ್ವಲ್ಪ ವಿವರ. ಸಾಮಾನ್ಯ ಡೈವ್ ಟಾರ್ಚಿನಲ್ಲಿ ಬ್ಯಾಟರಿಯೂ ದೀಪವೂ ಒಂದೇ ಕೊಳವೆಯೊಳಗೆ ಇರುತ್ತವೆ. ಕ್ಯಾನಿಸ್ಟರ್ ಟಾರ್ಚಿನಲ್ಲಿ ಬ್ಯಾಟರಿಗೆ ಪ್ರತ್ಯೇಕ ಡಬ್ಬಿ. ಅದು ಸೊಂಟದ ಪಟ್ಟಿಯ ಬಲಗಡೆ ಕೂರುತ್ತದೆ. ಅಲ್ಲಿಂದ ಒಂದು ಕೇಬಲ್ ಹೊರಟು ಕೈಯಲ್ಲಿನ ಚಿಕ್ಕ ದೀಪವನ್ನು ಸೇರುತ್ತದೆ. ದೀಪ ಕೂರುವುದು ಗುಡ್‌ಮನ್ ಹಿಡಿಕೆಯ ಮೇಲೆ. ಹಿಡಿಕೆಯೊಳಗೆ ಅಂಗೈ ತೂರಿಸಿದರೆ ದೀಪ ಕೈಯ ಬೆನ್ನ ಮೇಲೆ ನಿಲ್ಲುತ್ತದೆ, ಬೆರಳುಗಳು ಬಿಡುವಾಗಿರುತ್ತವೆ. ಹಗ್ಗ ಹಿಡಿಯಲು, ಸಿಲಿಂಡರಿನ ವಾಲ್ವ್ ತಿರುಗಿಸಲು ಆ ಬೆರಳುಗಳು ಬೇಕೇ ಬೇಕು. ಬೆಲೆ ಮಾತ್ರ ಸಾಮಾನ್ಯವಾಗಿ ಅರ್ಧ ಲಕ್ಷದಿಂದ ಶುರುವಾಗಿ ಲಕ್ಷ ದಾಟುತ್ತದೆ.

ಈಗ ನೇರವಾಗಿ ಹೇಳುತ್ತೇನೆ: ನನ್ನನ್ನು ಕೇಳುವವರಲ್ಲಿ ಹೆಚ್ಚಿನವರಿಗೆ ಕ್ಯಾನಿಸ್ಟರ್ ಟಾರ್ಚ್ ಬೇಡ. ನೇತ್ರಾಣಿಯಲ್ಲಿ ಹಗಲು ಹೊತ್ತು, ಒಂದು ಸಿಲಿಂಡರಿನ ಡೈವ್. ಅಲ್ಲಿ ಟಾರ್ಚಿನ ಕೆಲಸ ಬಂಡೆಯ ಸಂದಿಯೊಳಗೆ ಇಣುಕುವುದು ಮತ್ತು ನೀರು ನುಂಗಿದ ಕೆಂಪು ಬಣ್ಣವನ್ನು ಮರಳಿ ತೋರಿಸುವುದು. ನೀರು ಮೊದಲು ಹೀರುವುದೇ ಕೆಂಪನ್ನು. ಆಳದಲ್ಲಿ ಬೂದು ಬಣ್ಣಕ್ಕೆ ಕಾಣುವ ಮೀನು ಟಾರ್ಚ್ ಬೆಳಗಿಸಿದೊಡನೆ ಕೆಂಪಾಗಿ ಹೊಳೆಯುವುದನ್ನು ನೋಡುವ ಸಂತೋಷವೇ ಬೇರೆ. ಅದಕ್ಕೆ ಅಂಗೈಯಲ್ಲಿ ಹಿಡಿಯುವ ಸಣ್ಣ ಟಾರ್ಚ್ ಸಾಕು. ಉಳಿದ ಹಣದಲ್ಲಿ ಇನ್ನಷ್ಟು ಡೈವ್ ಮಾಡಿ, ನೀರಿನಲ್ಲಿ ಅಲುಗಾಡದೆ ನಿಲ್ಲುವುದನ್ನು ಕಲಿಯಿರಿ.

ಮಳೆಗಾಲದ ಕೃಷ್ಣೆಯಲ್ಲೋ ಘಟಪ್ರಭೆಯಲ್ಲೋ ಹುಡುಕಾಟಕ್ಕೆ ಇಳಿಯುವವರೂ ಕೆಲವೊಮ್ಮೆ ಇದೇ ಪ್ರಶ್ನೆ ಕೇಳುತ್ತಾರೆ. ಕೆಂಪು ಕಲಕು ನೀರಿನಲ್ಲಿ ಟಾರ್ಚ್ ಜೋರಾದಷ್ಟೂ ಮಣ್ಣಿನ ಕಣಗಳಿಗೆ ಬಡಿದು ಬೆಳಕು ನಿಮ್ಮ ಕಣ್ಣಿಗೇ ಮರಳುತ್ತದೆ. ಅಲ್ಲಿ ದಾರಿ ತೋರಿಸುವುದು ಕೈ ಮತ್ತು ಹಗ್ಗ.

ಹಾಗಾದರೆ ಕ್ಯಾನಿಸ್ಟರ್ ಯಾರಿಗೆ? ಮುಳುಗಿದ ಹಡಗುಗಳ ಒಳಹೊಕ್ಕುವವರಿಗೆ, ಆಳದಲ್ಲಿ ದೀರ್ಘಕಾಲ ಇರುವವರಿಗೆ, ಫ್ಲಾರಿಡಾದ ಬುಗ್ಗೆಗಳಿಗೋ ಮೆಕ್ಸಿಕೊದ ಯುಕಟಾನಿನ ಸೆನೋಟೆ ಎಂಬ ಸುಣ್ಣಕಲ್ಲಿನ ನೀರುಗುಂಡಿಗಳಿಗೋ ಗುಹೆ ಡೈವಿಂಗ್ ಕಲಿಯಲು ಹೊರಟವರಿಗೆ. ಅವರು ಕೊಳ್ಳುವುದು ಮುಖ್ಯವಾಗಿ ಸಮಯವನ್ನು. ಯೋಜಿಸಿದ ಡೈವಿನ ಒಂದೂವರೆ ಪಟ್ಟು ಹೊತ್ತಾದರೂ ಟಾರ್ಚ್ ಉರಿಯಬೇಕು. ನನ್ನ ಮಟ್ಟಿಗೆ ಎರಡು ಪಟ್ಟು ಇದ್ದರೇ ನೆಮ್ಮದಿ. ಲೆಕ್ಕ ಸುಲಭ. ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆಯಾದ ವಾಟ್-ಅವರ್ ಅನ್ನು ದೀಪದ ವಾಟಿನಿಂದ ಭಾಗಿಸಿ. 100 ವಾಟ್-ಅವರ್ ಬ್ಯಾಟರಿಗೆ 20 ವಾಟಿನ ಎಲ್‌ಇಡಿ ಜೋಡಿಸಿದರೆ ಸುಮಾರು 5 ಗಂಟೆ. ಈ ಎರಡು ಅಂಕಿಗಳನ್ನು ಬರೆಯದೆ ಲೂಮೆನ್ ಒಂದನ್ನೇ ದೊಡ್ಡದಾಗಿ ಅಚ್ಚುಹಾಕಿದ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಇನ್ನೂ ಒಂದು ವಿಷಯ ಕೇಳಬೇಕು: ಬೆಳಕು ಕೊನೆಯ ತನಕ ಒಂದೇ ಸಮನಾಗಿರುತ್ತದೆಯೇ, ಅಥವಾ ಮೊದಲ ಕೆಲವು ನಿಮಿಷ ಮಾತ್ರ ಪೂರ್ಣ ಹೊಳಪು ಕೊಟ್ಟು ಆಮೇಲೆ ಇಳಿಯುತ್ತದೆಯೇ?

ಬ್ಯಾಟರಿಗೆ ವಯಸ್ಸಾಗುತ್ತದೆ. ಆದ್ದರಿಂದ ಕೊಂಡಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ದೀಪವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಪೂರ್ಣ ಚಾರ್ಜಿನಿಂದ ಆರುವವರೆಗೆ ಉರಿಸಿ ಗಡಿಯಾರ ನೋಡಿ. ನೀರಿಲ್ಲದೆ ಉರಿಸಬೇಡಿ; ಹೆಚ್ಚು ಶಕ್ತಿಯ ಎಲ್‌ಇಡಿ ತಣ್ಣಗಿರುವುದು ಸುತ್ತಲಿನ ನೀರಿನಿಂದಲೇ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜಿನಲ್ಲಿಡಿ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಲಿಥಿಯಂ ಬ್ಯಾಟರಿ ಬಿಟ್ಟು ಬರುವ ಅಭ್ಯಾಸ ಖಂಡಿತ ಬೇಡ.

ಬೆಳಕಿನ ಅಗಲದ ಬಗ್ಗೆ ಒಂದು ಮಾತು. ವಿಡಿಯೊ ತೆಗೆಯುವವರಿಗೆ ಹರಡುವ ಬೆಳಕು ಬೇಕು. ಗುಹೆಗೆ ಬೇಕಾದದ್ದು ಆರೆಂಟು ಡಿಗ್ರಿಯ ಕಿರಿದಾದ ಕೋಲುಬೆಳಕು. ಕತ್ತಲಲ್ಲಿ ಜೊತೆಗಾರರೊಡನೆ ಮಾತಾಡುವುದು ಅದರಿಂದಲೇ. ಗೋಡೆಯ ಮೇಲೆ ನಿಧಾನವಾಗಿ ವೃತ್ತ ಬರೆದರೆ ಎಲ್ಲ ಸರಿ ಎಂದು ಅರ್ಥ. ನಿಧಾನವಾಗಿ ಅತ್ತಿತ್ತ ಆಡಿಸಿದರೆ ಇತ್ತ ನೋಡು ಎಂದು. ವೇಗವಾಗಿ ಅತ್ತಿತ್ತ ಬೀಸಿದರೆ ಅಪಾಯ. ಮುಂದೆ ಹೋಗುವವನು ಹಿಂದೆ ತಿರುಗದೆಯೇ ಈ ಗುರುತನ್ನು ಓದಬೇಕು. ಅಗಲವಾದ ಬೆಳಕಿನಲ್ಲಿ ಗುರುತು ಕರಗಿಹೋಗುತ್ತದೆ. ಅಂಚು ಸ್ಪಷ್ಟವಾಗಿರುವ 1000 ಲೂಮೆನ್ ದೀಪ, ಚೆಲ್ಲಾಡುವ 5000 ಲೂಮೆನ್ ದೀಪಕ್ಕಿಂತ ಇಲ್ಲಿ ಎಷ್ಟೋ ಮೇಲು.

ಬೆಳಗಾವಿಯವರು ತಪ್ಪದೆ ಕೇಳುವ ಇನ್ನೊಂದು ಮಾತಿದೆ: "ನಮ್ಮ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಾಮಾನು ಮಾಡುತ್ತಾರೆ. ಒಂದು ಡಬ್ಬಿ ಮಾಡಿಸಲಾಗುವುದಿಲ್ಲವೇ?" ಇದು ಒಳ್ಳೆಯ ಪ್ರಶ್ನೆ. ಖಂಡಿತ ಮಾಡಿಸಬಹುದು, ನಮ್ಮ ಲೇತ್ ಕೆಲಸಗಾರರ ಕೈಯ ಮೇಲೆ ನನಗೆ ಪೂರ್ಣ ವಿಶ್ವಾಸವಿದೆ. ಆದರೆ ಅವರಿಗೆ ಕೆಲವು ವಿಷಯಗಳನ್ನು ಬಿಡಿಸಿ ಹೇಳಬೇಕು. ಹೈಡ್ರಾಲಿಕ್ ಸಿಲಿಂಡರಿನಲ್ಲಿ 200 ಬಾರ್ ಒತ್ತಡವೇ ಓ-ರಿಂಗ್ ಎಂಬ ರಬ್ಬರ್ ಬಳೆಯನ್ನು ಸಂದಿಗೆ ತಳ್ಳಿ ಗಟ್ಟಿಯಾಗಿ ಮುಚ್ಚಿಸುತ್ತದೆ. ನೀರಿನಲ್ಲಿ 10 ಮೀಟರಿಗೆ ಹೆಚ್ಚುವ ಒತ್ತಡ 1 ಬಾರ್ ಮಾತ್ರ. ಮೇಲಿನ ಎರಡು ಮೀಟರಿನಲ್ಲಿ 0.2 ಬಾರ್, ಅಲ್ಲಿ ಒತ್ತಡದ ಸಹಾಯ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮುಚ್ಚಳ ಹಾಕಿದಾಗ ರಿಂಗ್ ಎಷ್ಟು ಅದುಮಿಕೊಂಡಿದೆಯೋ ಅಷ್ಟೇ ಕಾವಲು. ಅದಕ್ಕಾಗಿಯೇ ಆಳದಲ್ಲಿ ಸೋರದ ಡಬ್ಬಿ ತೊಳೆಯುವ ತೊಟ್ಟಿಯಲ್ಲಿ ಸೋರಬಹುದು. ರಿಂಗ್ ಕೂರುವ ತೋಡಿನ ಆಳ ಅಗಲ ಅಳತೆಗೆ ಸರಿಯಾಗಿರಬೇಕು, ಮೇಲ್ಮೈ ನಯವಾಗಿರಬೇಕು, ಅಡ್ಡಗೀರು ಇರಬಾರದು. ಒಂದು ತಲೆಗೂದಲು ಸಿಕ್ಕಿಕೊಂಡರೂ ನೀರಿಗೆ ಅದೇ ದಾರಿ. ಸಾಧ್ಯವಾದರೆ ಒಂದರ ಹಿಂದೆ ಒಂದು ಎರಡು ಓ-ರಿಂಗ್ ಕೂರಿಸಿ.

ಡಬ್ಬಿಗೆ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ದಂಡ ನನ್ನ ಆಯ್ಕೆ: ಉಪ್ಪುನೀರು ಅದನ್ನು ಏನೂ ಮಾಡುವುದಿಲ್ಲ. ಅಲ್ಯೂಮಿನಿಯಂ ಆದರೆ ಗಟ್ಟಿ ಆನೊಡೈಸಿಂಗ್, ಅಂದರೆ ಮೇಲೆ ಬೆಳೆಸುವ ಕಾವಲು ಪದರ, ಬೇಕು, ಅದು ಗೀಚಿದ ಕಡೆ ಉಪ್ಪು ತಿನ್ನಲು ಶುರುಮಾಡುತ್ತದೆ. ಕೇಬಲ್ ಮುಚ್ಚಳವನ್ನು ಹೊಕ್ಕುವ ಜಾಗವೇ ಎಲ್ಲಕ್ಕಿಂತ ದುರ್ಬಲ. ಅಲ್ಲಿ ಅಗ್ಗದ ಗ್ಲ್ಯಾಂಡ್ (ಕೇಬಲ್ ಸುತ್ತ ನೀರು ತಡೆಯುವ ಬಿಗಿತಿರುಪು) ಹಾಕಬೇಡಿ. ತಯಾರಾದ ಡಬ್ಬಿಯೊಳಗೆ ಬ್ಯಾಟರಿಯ ಬದಲು ಟಿಶ್ಯೂ ಕಾಗದ ತುಂಬಿ, ಭಾರ ಕಟ್ಟಿ, ಹೊಲದ ಆಳವಾದ ಬಾವಿಗೆ ಹಗ್ಗದಲ್ಲಿ ಇಳಿಬಿಟ್ಟು ಪರೀಕ್ಷಿಸಿ. ಮೊದಲು ಮೊಳದುದ್ದ ನೀರಿನಲ್ಲಿ ಸಾಕಷ್ಟು ಹೊತ್ತು, ಆಮೇಲೆ ತಳಕ್ಕೆ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ನಾನು ಕಠಿಣ. ಸಂತೆಯಲ್ಲಿ 9900 ಮಿಲಿಆಂಪ್-ಅವರ್ ಎಂದು ಬರೆದು ಮಾರುವ 18650 ಗಾತ್ರದ ಲಿಥಿಯಂ ಸೆಲ್‌ಗಳನ್ನು ಮುಟ್ಟಬೇಡಿ. ಆ ಗಾತ್ರದ ಒಳ್ಳೆಯ ಸೆಲ್‌ಗೆ ಸುಮಾರು 3500 ಮಿಲಿಆಂಪ್-ಅವರ್ ಇರುತ್ತದೆ. ರಕ್ಷಣಾ ಸರ್ಕ್ಯೂಟ್ ಇಲ್ಲದ ಪ್ಯಾಕ್ ಬೇಡ. ಡಬ್ಬಿಯೊಳಗೆ ಉಪ್ಪುನೀರು ಸೇರಿದರೆ ಅನಿಲ ಹುಟ್ಟಿ ಒತ್ತಡ ಏರುತ್ತದೆ, ಬಿಚ್ಚುವಾಗ ಮುಚ್ಚಳ ಗುಂಡಿನಂತೆ ಹಾರಬಹುದು. ಹೆಚ್ಚಿದ ಒತ್ತಡವನ್ನು ಹೊರಬಿಡುವ ವಾಲ್ವ್ ಇರಲಿ. ನೀರು ನುಗ್ಗಿದ ಅನುಮಾನವಿದ್ದರೆ ಮುಚ್ಚಳವನ್ನು ಯಾರ ಮುಖದ ಕಡೆಗೂ ತಿರುಗಿಸಬೇಡಿ. ಸೆಲ್ ಜೋಡಣೆ ಬಲ್ಲವರು ಹತ್ತಿರದಲ್ಲಿ ಇಲ್ಲದಿದ್ದರೆ ಡಬ್ಬಿಯ ಆಸೆ ಬಿಟ್ಟು ಸಿದ್ಧ ಟಾರ್ಚನ್ನೇ ಕೊಳ್ಳಿ.

ಗುಹೆಗೆ ಹೊರಟವರಿಗೆ ನಾನು ಹೇಳುವುದು ಇದು: ಮೊದಲು ಎರಡು ಬದಲಿ ಟಾರ್ಚ್ ಕೊಳ್ಳಿ, ಆಮೇಲೆ ಕ್ಯಾನಿಸ್ಟರ್. ಗುಹೆ ಡೈವರ್‌ಗಳ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ ಸುರಕ್ಷತೆಯ ನಿಯಮಗಳಿಗೆ ತಳಹದಿ ಹಾಕಿದವರು ಅಮೆರಿಕದ ಗುಹೆ ಡೈವರ್ ಶೆಕ್ ಎಕ್ಸ್‌ಲಿ. ಇಂದು ಕಲಿಸುವ ಐದು ನಿಯಮಗಳು ಅಲ್ಲಿಂದ ಬೆಳೆದವು: ಗುಹೆಗೆಂದೇ ತರಬೇತಿ, ಹೊರಗಿನ ತೆರೆದ ನೀರಿನವರೆಗೆ ಕಡಿಯದ ಹಗ್ಗ, ಗಾಳಿಯಲ್ಲಿ ಮೂರನೆಯ ಒಂದು ಭಾಗವನ್ನು ಮಾತ್ರ ಒಳಹೋಗಲು ಬಳಸುವುದು, ಆಳದ ಮಿತಿ, ಮತ್ತು ಪ್ರತಿಯೊಬ್ಬರ ಬಳಿಯೂ ಮೂರು ದೀಪ. ಮೂರರಲ್ಲಿ ಒಂದು ಕೆಟ್ಟರೂ ಡೈವ್ ಮುಗಿಯಿತು, ಹೊರಗೆ ಹೊರಡಬೇಕು. ಲಕ್ಷದ ಟಾರ್ಚ್ ಒಂದೇ ಹಿಡಿದು ಹೋಗುವವರಿಗಿಂತ ಸಾಧಾರಣ ಟಾರ್ಚ್ ಮೂರು ಹೊತ್ತವರು ಹೆಚ್ಚು ಸುರಕ್ಷಿತರು.

2018ರ ಜುಲೈನಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಿಂದ 12 ಹುಡುಗರನ್ನೂ ಅವರ ತರಬೇತುದಾರನನ್ನೂ ಹೊರತಂದದ್ದು ನಿಮಗೆ ನೆನಪಿರಬಹುದು. ನೀರು ಹೊರಹಾಕುವ ಕೆಲಸಕ್ಕೆ ಸಲಹೆ ಕೊಟ್ಟವರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ತಂತ್ರಜ್ಞರೂ ಇದ್ದರು. ಬೆಳಗಾವಿಯ ಸೈಕಲ್ ಅಂಗಡಿಯಿಂದ ಬೆಳೆದ ಆ ಮನೆತನದ ಹೆಸರು ಅಲ್ಲಿ ಕೇಳಿಬಂದಾಗ ನಮ್ಮೂರಿನ ಹಲವರು ಹೆಮ್ಮೆಪಟ್ಟರು. ಆ ಗುಹೆಯ ಕಲಕು ನೀರಿನಲ್ಲಿ ಎಷ್ಟೋ ಕಡೆ ಏನೂ ಕಾಣುತ್ತಿರಲಿಲ್ಲ. ಜಗತ್ತಿನ ಅತ್ಯಂತ ಅನುಭವಿ ಡೈವರ್‌ಗಳು ಹಗ್ಗ ಹಿಡಿದೇ ತಡಕಾಡುತ್ತ ಸಾಗಿದರು. ಥಾಯ್ ನೌಕಾಪಡೆಯ ನಿವೃತ್ತ ಮುಳುಗುಗಾರ ಸಮನ್ ಕುನನ್ ಜೀವ ಕೊಟ್ಟರು. ತರಬೇತಿಯ ಜಾಗವನ್ನು ಯಾವ ಟಾರ್ಚೂ ತುಂಬುವುದಿಲ್ಲ. ವಿಜಯಪುರದ ಸುರಂಗ ಬಾವಡಿಯಲ್ಲಿ ಟಾರ್ಚ್ ಹಿಡಿದು ಅಭ್ಯಾಸ ಮಾಡಬಹುದೇ ಎಂದು ಕೇಳಿದವರಿಗೂ ನನ್ನ ಉತ್ತರ ಬೇಡ ಎಂದೇ. ಆದಿಲ್‌ಶಾಹಿ ಕಾಲದ ಆ ನೆಲದಡಿಯ ನೀರಿನ ವ್ಯವಸ್ಥೆ ನೋಡಿ ತಿಳಿಯಬೇಕಾದ ಅಮೂಲ್ಯ ವಸ್ತು, ಈಜಿ ಕಲಕುವಂಥದ್ದಲ್ಲ.

ವಿಮಾನದಲ್ಲಿ ಒಯ್ಯುವವರು ಬ್ಯಾಟರಿಯ ಗಾತ್ರವನ್ನು ಕೊಳ್ಳುವಾಗಲೇ ಯೋಚಿಸಿ. 100 ವಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಅದಕ್ಕಿಂತ ದೊಡ್ಡದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಬಿಡಿ ಬ್ಯಾಟರಿ ಯಾವಾಗಲೂ ಕೈಚೀಲದಲ್ಲಿ, ತುದಿಗಳಿಗೆ ಟೇಪು ಸುತ್ತಿ. ಡಬ್ಬಿಯ ಮೇಲೆ ವಾಟ್-ಅವರ್ ಸ್ಪಷ್ಟವಾಗಿ ಅಚ್ಚಾಗಿದ್ದರೆ ಸಾಂಬ್ರಾ ನಿಲ್ದಾಣದ ತಪಾಸಣೆಯಲ್ಲಿ ವಿವರಿಸುವುದು ಸುಲಭ.

ಕೊನೆಯದಾಗಿ, ಅರ್ಧ ಬೆಲೆಗೆ ಸಿಗುವ ಹಳೆಯ ಎಚ್‌ಐಡಿ (ಬಲ್ಬಿನೊಳಗಿನ ಅನಿಲದಲ್ಲಿ ವಿದ್ಯುತ್ ಹಾಯ್ದು ಬೆಳಗುವ) ಟಾರ್ಚ್‌ಗಳು. ಎಲ್‌ಇಡಿ ಬರುವ ಮುನ್ನ ಗುಹೆ ಡೈವರ್‌ಗಳು ಮೆಚ್ಚಿದ ದೀಪ ಅದು, ಅದರ ಬೆಳಕು ಈಗಲೂ ಸೊಗಸು. ಆದರೆ ಬಲ್ಬ್ ನಾಜೂಕು, ಬಸ್ಸಿನ ಕುಲುಕಾಟಕ್ಕೇ ಒಡೆಯಬಹುದು, ಬದಲಿ ಬಲ್ಬ್ ಸಿಗುವುದು ಕಷ್ಟ. ಹೊತ್ತಿಸಿದ ಮೇಲೆ ಪೂರ್ಣ ಬೆಳಕಿಗೆ ಬರಲು ಕೆಲವು ಕ್ಷಣ ಬೇಕು, ಬಿಸಿಯಿರುವಾಗ ಆರಿದರೆ ತಣ್ಣಗಾಗುವವರೆಗೆ ಮತ್ತೆ ಹೊತ್ತುವುದಿಲ್ಲ. ಡಬ್ಬಿ, ಕೇಬಲ್, ಹಿಡಿಕೆ ಚೆನ್ನಾಗಿದ್ದರೆ ಅವುಗಳಿಗಾಗಿ ಮಾತ್ರ ಅದನ್ನು ಕೊಳ್ಳಿ. ಬ್ಯಾಟರಿಯನ್ನೂ ಓ-ರಿಂಗ್‌ಗಳನ್ನೂ ಹೊಸದಾಗಿ ಹಾಕಿಸಿ, ದೀಪದ ಜಾಗಕ್ಕೆ ಎಲ್‌ಇಡಿ ಕೂರಿಸುವ ಖರ್ಚನ್ನು ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ.