ಕಾಕಾನ ಪಂಪು, ಗುಲಗಂಜಿ ಹುಳ

28 ಸೆಪ್ಟೆಂಬರ್ 2025, ಭಾನುವಾರ
ಬೈಲಹೊಂಗಲ

ದಸರಾ ರಜೆಗೆ ಬಂದು ಎರಡೇ ದಿನ. ಬೆಳಿಗ್ಗೆ ಏಳಕ್ಕೇ ಕಾಕಾ ಹೊಲಕ್ಕೆ ಕರೆದರು. "ಹತ್ತಿಗೆ ಹುಳಾ ಬಿದ್ದಾವ, ಎಣ್ಣಿ ಹೊಡೀಬೇಕು" ಅಂತ ಅರ್ಧ ಪಂಪು ಔಷಧ ಕಲಸಿಯೇ ಬಿಟ್ಟಿದ್ದರು.

ಎಲೆ ಮಗುಚಿದೆ. ತಳದಲ್ಲಿ ಗಿಡದ ರಸ ಹೀರುವ ಹೇನು ಮುತ್ತಿದ್ದವು, ಮುಟ್ಟಿದರೆ ಬೆರಳು ಅಂಟಂಟು. ನಡುವೆ ಕರೀ ಮೈ, ಕಿತ್ತಳೆ ಚುಕ್ಕೆ, ಆರು ಕಾಲಿನ ಒಂದು ಮರಿ. ಥೇಟ್ ಪುಟಾಣಿ ಮೊಸಳೆ. ಕಾಕಾ ಹೇಳಿದ ಹುಳಾ ಇದೇ! ಗುಲಗಂಜಿ ಹುಳದ ಮರಿ ಅದು. ಒಂದು ಹೇನನ್ನು ಕಚ್ಚಿ ಹಿಡಿದು ಆರಾಮಾಗಿ ತಿನ್ನುತ್ತಿತ್ತು. ಮೂರು ವರ್ಷದ ಹಿಂದೆ ನಾನೂ ಇಂಥವನ್ನು ಹೊಸಕಿ ಹಾಕಿದ್ದೆ. ಹೇಳಿಕೊಳ್ಳಲು ನಾಚಿಕೆ.

"ಇದು ಬಿಟಿ ಹತ್ತಿ ಅಲ್ಲೇನು, ಇದ್ಯಾಕ ಸತ್ತಿಲ್ಲ?" ಅಂದರು ಕಾಕಾ. ಒಳ್ಳೆ ಪ್ರಶ್ನೆ.

ಬಿಟಿ ಅಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನು ಸೇರಿಸಿ, ಗಿಡವೇ ಹುಳ ಕೊಲ್ಲುವ ವಿಷ ಮಾಡಿಕೊಳ್ಳುವ ಹತ್ತಿ. ಆ ವಿಷ ಕೆಲಸ ಮಾಡುವುದು ಹತ್ತಿ ಕಾಯಿ ಕೊರೆದು ತಿನ್ನುವ ಕಾಯಿಕೊರಕದಂಥ ಹುಳದ ಹೊಟ್ಟೆಯಲ್ಲಿ. ಅಲ್ಲಿ ಕ್ಷಾರ ಜಾಸ್ತಿ, ವಿಷ ಹೋಗಿ ಅಂಟಿಕೊಳ್ಳುವ ಜಾಗವೂ ಇದೆ. ಅಂಟಿದ ಮೇಲೆ ಕರುಳು ತೂತು. ಗುಲಗಂಜಿ ಹುಳಕ್ಕೆ ಅಂಥ ಹೊಟ್ಟೆ ಇಲ್ಲ. ಮೇಲಾಗಿ ಹೇನು ಹೀರುವುದು ಎಲೆಯ ನಾಳದ ರಸ. ಅದರಲ್ಲಿ ಆ ವಿಷ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಹೇನೂ ಸಾಯಲ್ಲ, ಹೇನು ತಿಂದದ್ದೂ ಸಾಯಲ್ಲ.

ಚೀನಾದ ವಿಜ್ಞಾನಿಗಳು 1990ರಿಂದ 2010ರವರೆಗಿನ ಹತ್ತಿ ಹೊಲಗಳ ಲೆಕ್ಕ ನೋಡಿ 2012ರಲ್ಲಿ ಬರೆದಿದ್ದರು: ಬಿಟಿ ಬಂದು ಔಷಧ ಹೊಡೆಯುವುದು ಕಡಿಮೆಯಾದ ಮೇಲೆ ಗುಲಗಂಜಿ ಹುಳ, ಜೇಡ ಎಲ್ಲ ಹೆಚ್ಚಾದವು, ಹೇನು ಇಳಿಯಿತು. ಅದೇ ಹೊಲಗಳಲ್ಲಿ ರಸ ಹೀರುವ ಮಿರಿಡ್ ತಿಗಣೆ ಮಾತ್ರ ಜಾಸ್ತಿಯಾಯ್ತು, ಅದೂ ನಿಜ. ನಮ್ಮಲ್ಲಿ ಬಿಟಿ ಹತ್ತಿ ಬಂದದ್ದು 2002ರಲ್ಲಿ, ಇಂಥ ಎರಡು ಜೀನು ಸೇರಿಸಿದ್ದು 2006ರಲ್ಲಿ. ಗುಲಾಬಿ ಕಾಯಿಕೊರಕ ಎರಡನ್ನೂ ಜೀರ್ಣಿಸಿಕೊಂಡಿತು. ಪಂಪು ಮತ್ತೆ ಹೆಗಲೇರಿತು. ಬಿಟಿಯಿಂದ ಬದುಕಿದ ಗುಲಗಂಜಿ ಪಂಪಿನಿಂದ ಸಾಯುತ್ತದೆ. ಬಿಟಿ ಬೈಯುವವರೂ ಹೊಗಳುವವರೂ ಈ ಪಂಪಿನ ಲೆಕ್ಕ ಹಿಡಿಯುವುದೇ ಇಲ್ಲ ಅಂತ ನನ್ನ ಸಿಟ್ಟು.

ಇನ್ನೊಂದು ಎಲೆಯಲ್ಲಿ ಕೂದಲಿನಷ್ಟು ಸಣ್ಣ ದಾರದ ತುದಿಗೆ ಒಂದೊಂದು ಮೊಟ್ಟೆ ತೂಗಾಡುತ್ತಿದ್ದವು. ಜಾಲರೆಕ್ಕೆ ಕೀಟದವು, ಅದರ ಮರಿಯೂ ಹೇನು ತಿನ್ನುತ್ತೆ. ಕಾಕಾ ಕನ್ನಡಕ ಹಾಕಿಕೊಂಡು ಎರಡು ನಿಮಿಷ ನೋಡಿದರು. "ನಾಕ ದಿನ ಬಿಡೂಣು. ಆದ್ರ ಕಲಸಿದ್ದು ಚೆಲ್ಲಾಕ ಆಗ್ತೈತೇನು?" ಅಂತ ಬದುವಿನ ಕಡೆಯ ಆರು ಸಾಲಿಗೆ ಹೊಡೆದೇ ಬಂದರು.

ಸಂಜೆ ಆ ಕಡೆ ನಾನು ಹೋಗಲಿಲ್ಲ.