ಹನು ಇಲ್ಲದವು

12 ಆಗಸ್ಟ್ 2024, ಸೋಮವಾರ

ಇಂದು ಮೊದಲ ಪಿಯುಸಿಯವರಿಗೆ ಕಶೇರುಕಗಳ, ಅಂದರೆ ಬೆನ್ನೆಲುಬಿನ ಪ್ರಾಣಿಗಳ, ವರ್ಗೀಕರಣ ಶುರು ಮಾಡಿದೆ. ಕಪ್ಪುಹಲಗೆಯ ಮೇಲೆ ಎರಡು ಕವಲು ಎಳೆದು ಒಂದರ ತುದಿಗೆ ‘ಅಗ್ನಾಥ’, ಇನ್ನೊಂದರ ತುದಿಗೆ ‘ಗ್ನಾಥೋಸ್ಟೊಮೇಟ’ ಎಂದು ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಅಗ್ನಾಥ ಎಂದರೆ ಅನಾಥ ಎಂದೇ?” ಎಂದು ಕೇಳಿದಳು. ಒಂದಿಬ್ಬರು ನಕ್ಕರು. ನನಗೆ ಮಾತ್ರ ಖುಷಿಯಾಯಿತು. ಅರ್ಧ ಉತ್ತರ ಅವಳ ಪ್ರಶ್ನೆಯಲ್ಲೇ ಇತ್ತು.

ಅನಾಥದ ‘ಅ’ ಮತ್ತು ಅಗ್ನಾಥದ ‘ಅ’ ಒಂದೇ ಮೂಲದವು. ಗ್ರೀಕಿನಲ್ಲೂ ಸಂಸ್ಕೃತದಲ್ಲೂ ಪದದ ಮುಂದೆ ನಿಂತು ‘ಇಲ್ಲ’ ಎನ್ನುವ ಅಕ್ಷರ ಅದು. ಗ್ರೀಕಿನ ‘ಗ್ನಾಥೋಸ್’ ಎಂದರೆ ದವಡೆ. ಅನಾಥನಿಗೆ ನಾಥನಿಲ್ಲ, ಅಗ್ನಾಥಕ್ಕೆ ದವಡೆಯಿಲ್ಲ, ಗ್ನಾಥೋಸ್ಟೊಮೇಟಕ್ಕೆ ಉಂಟು. ಅಷ್ಟು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು.

ಮಧ್ಯಾಹ್ನ ಪ್ರಯೋಗಾಲಯದ ಬೀರುವಿನಿಂದ, ಹಾವಿನಂತೆ ಉದ್ದನೆಯ ದವಡೆಯಿಲ್ಲದ ಮೀನಾದ ಲ್ಯಾಂಪ್ರೆಯ ಜಾಡಿಯನ್ನು ಇಳಿಸಿ, ಧೂಳು ಒರೆಸಿ ಕಿಟಕಿಯ ಬೆಳಕಿಗೆ ಹಿಡಿದೆ. ಫಾರ್ಮಲಿನ್‌ನಲ್ಲಿ ಬಣ್ಣ ಕಳೆದುಕೊಂಡಿದ್ದರೂ ಬಾಯಿ ಹಾಗೇ ಇದೆ. ದುಂಡನೆಯ ಬಟ್ಟಲು, ಅದರೊಳಗೆ ಸುತ್ತುಸುತ್ತಾಗಿ ಹಳದಿ ಹಲ್ಲುಗಳು. ನಮ್ಮ ಹಲ್ಲಿನಂಥವಲ್ಲ, ಉಗುರಿನಂತೆ ಕೆರಟಿನ್‌ನಿಂದ ಆದವು. ನಡುವಿನ ನಾಲಗೆಗೂ ಹಲ್ಲಿದೆ. ಬೇರೆ ಮೀನಿನ ಮೈಗೆ ಈ ಬಟ್ಟಲನ್ನು ಕಚ್ಚಿಸಿ, ನಾಲಗೆಯಿಂದ ಚರ್ಮ ಕೆರೆದು ರಕ್ತ ಹೀರುತ್ತದೆ. ಬಾಯಿ ಮುಚ್ಚಲು ಮೇಲಿನದೆಂದಾಗಲಿ ಕೆಳಗಿನದೆಂದಾಗಲಿ ದವಡೆಯೇ ಇಲ್ಲ.

ಇದರ ಹೆಸರುಗಳನ್ನೆಲ್ಲ ನೆನೆಯುತ್ತ ಕುಳಿತೆ. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನಿಯಸ್ ಇಟ್ಟ ‘ಪೆಟ್ರೊಮೈಝಾನ್’ ಎಂದರೆ ಕಲ್ಲು ಹೀರುವುದು. ಹರಿವ ನೀರಿನಲ್ಲಿ ಬಾಯಿಂದ ಕಲ್ಲಿಗೆ ಅಂಟಿಕೊಂಡು ನಿಲ್ಲುವುದನ್ನು ಕಂಡವರ ಹೆಸರು ಅದು. ಜರ್ಮನ್ನರು ‘ಒಂಬತ್ತು ಕಣ್ಣಿನದು’ ಎನ್ನುತ್ತಾರೆ. ಒಂದು ಪಕ್ಕದಿಂದ ನೋಡಿ ಎಣಿಸಿದೆ: ಕಿವಿರಿನ ತೂತು ಏಳು, ಕಣ್ಣು ಒಂದು, ನೆತ್ತಿಯ ಮೇಲಿನ ಒಂಟಿ ಮೂಗಿನ ಹೊಳ್ಳೆ ಒಂದು. ಸರಿಯಾಗಿ ಒಂಬತ್ತು! 1806ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಡ್ಯುಮೆರಿಲ್ ಲ್ಯಾಂಪ್ರೆಗೂ ಅದರಂತೆಯೇ ದವಡೆಯಿಲ್ಲದ ಹ್ಯಾಗ್‌ಫಿಶ್‌ಗೂ ದುಂಡುಬಾಯಿ ಎಂಬ ಅರ್ಥದ ಹೆಸರು ಕೊಟ್ಟ. ಇವೆಲ್ಲ ಇರುವುದನ್ನು ನೋಡಿ ಇಟ್ಟವು.

1889ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಎಡ್ವರ್ಡ್ ಡ್ರಿಂಕರ್ ಕೋಪ್ ‘ಅಗ್ನಾಥ’ ಎಂದು ಇಲ್ಲದ್ದರ ಹೆಸರಿಟ್ಟ. ಮೂಳೆಯ ಕವಚ ತೊಟ್ಟು ಕಲ್ಲಿನಲ್ಲಿ ಅಚ್ಚಾಗಿದ್ದ ಪುರಾತನ ಮೀನುಗಳಿಗೂ ದವಡೆ ಇಲ್ಲದ್ದನ್ನು ಗಮನಿಸಿ, ಅವನ್ನು ಲ್ಯಾಂಪ್ರೆಯ ಜೊತೆ ಒಂದೇ ಸೂರಿನಡಿ ತಂದ. ಆ ನೋಟ ದೊಡ್ಡದು, ಒಪ್ಪುತ್ತೇನೆ. ಹೆಸರು ಮಾತ್ರ ನನಗೆ ಚುಚ್ಚುತ್ತದೆ. ಮೊದಲ ಕಶೇರುಕಗಳು ಈಜುತ್ತಿದ್ದಾಗ ದವಡೆ ಎಂಬುದು ಎಲ್ಲಿಯೂ ಇರಲಿಲ್ಲ. ದವಡೆಯವರಾದ ನಾವು ಬಂದದ್ದೂ ಆ ದವಡೆಯಿಲ್ಲದ ಮೀನುಗಳಿಂದಲೇ. ಆದ್ದರಿಂದಲೇ ಇಂದಿನ ವಿಜ್ಞಾನಿಗಳು ಅಗ್ನಾಥವನ್ನು ಒಂದು ಪೂರ್ಣ ವಂಶವೆಂದು ಎಣಿಸುವುದಿಲ್ಲ. ಜೀನ್‌ಗಳನ್ನು ಹೋಲಿಸಿ ನೋಡಿದಾಗ ಲ್ಯಾಂಪ್ರೆ, ಹ್ಯಾಗ್‌ಫಿಶ್‌ಗಳು ಒಂದೇ ಮನೆಯವೆಂದು ತಿಳಿದು, ಡ್ಯುಮೆರಿಲ್‌ನ ದುಂಡುಬಾಯಿಗೇ ಮತ್ತೆ ಬಲ ಬಂದಿದೆ.

ರಾತ್ರಿ ನಿಘಂಟು ತೆಗೆದೆ. ದವಡೆಗೆ ಸಂಸ್ಕೃತದಲ್ಲಿ ‘ಹನು’. ಗ್ರೀಕಿನಲ್ಲಿ ಅದೇ ಅರ್ಥದ ‘ಗೆನುಸ್’ ಈ ಹನುವಿನ ಒಡಹುಟ್ಟು, ಗ್ನಾಥೋಸ್ ಅದರ ನೆಂಟ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇಂದ್ರನ ವಜ್ರಾಯುಧ ತಗುಲಿ ಎಡ ಹನು ಮುರಿದ ಮಗು ಹನುಮಂತನಾದ. ಊರೂರಿನಲ್ಲಿ ಉಬ್ಬಿದ ದವಡೆಯ ಆ ಮೂರ್ತಿಗೆ ಕೈಮುಗಿದು ಬೆಳೆದ ಮಕ್ಕಳಿಗೆ ಇಷ್ಟು ವರ್ಷ ಗ್ನಾಥೋಸ್ ಎಂಬುದನ್ನು ಬಾಯಿಪಾಠ ಮಾಡಿಸಿದೆನಲ್ಲ!

ನಾಳೆ ಜಾಡಿಯನ್ನೂ ಭೂತಗನ್ನಡಿಯನ್ನೂ ತರಗತಿಗೆ ಒಯ್ಯುತ್ತೇನೆ. ಆ ಹುಡುಗಿಯೇ ಮೊದಲು ನೋಡಲಿ. ಒಂಬತ್ತು ಕಣ್ಣನ್ನು ಅವಳೇ ಎಣಿಸಲಿ.